ಅರಿಶಿನ ಬೆಳಕು

ಆ ಮೋಡದ ದಿನ ಗಾಜಿನಲ್ಲಿ ಕಂಡದ್ದು ಬರೀ ಚಿಟ್ಟೆಯ ಕೊಬ್ಬಿನ ಹನಿಯೇ? ಅಥವಾ ರೋಗದ ಕಾಳನ್ನೇ ತಾನು ಕೊಬ್ಬು ಎಂದುಕೊಂಡನೇ? ಹುಳು ಸಾಕುವ ದೊಡ್ಡಬಸಮ್ಮ ಮಧುವನಹಳ್ಳಿಯಿಂದ ಬುಟ್ಟಿಯಲ್ಲಿ ತಂದ ಸತ್ತ ರೇಷ್ಮೆಹುಳುಗಳಲ್ಲಿ ಒಂದನ್ನು ಷಡಕ್ಷರಿ ಅರೆದು, ಗಾಜಿಗೆ ಸವರಿ, ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ನೀಲಿ ಮಿನುಗಿನ ಮೊಟ್ಟೆಯಾಕಾರದ ಕಾಳುಗಳು ಕಣ್ತುಂಬ. ಗಂಟುರೋಗ, ತಾಯಿಚಿಟ್ಟೆಯಿಂದ ಮೊಟ್ಟೆಗೂ ಮೊಟ್ಟೆಯಿಂದ ಹುಳುವಿಗೂ ಇಳಿಯುವ ರೋಗ.

ಕಿಟಕಿ ಮುಚ್ಚಿ ಸೀಮೆಎಣ್ಣೆ ದೀಪ ಹಚ್ಚಿ, ಅದೇ ಗಾಜನ್ನು ಮತ್ತೆ ನೋಡಿದ. ಎಲ್ಲವೂ ಅರಿಶಿನ. ನೀಲಿ ಮಾಯ. ಕಾಳು ಯಾವುದು, ಕೊಬ್ಬು ಯಾವುದು?

ತಾಯಿಚಿಟ್ಟೆಗಳನ್ನು ಹೀಗೆ ಅರೆದು ನೋಡಿ, ರೋಗವಿಲ್ಲದ ಮೊಟ್ಟೆ ಆರಿಸುವುದು ಕೊಳ್ಳೇಗಾಲದ ಆ ಮೊಟ್ಟೆಮನೆಯಲ್ಲಿ ಅವನ ಕೆಲಸ. ತಿಂಗಳ ಹಿಂದೆ, ದೊಡ್ಡಬಸಮ್ಮ ಒಯ್ದ ಮೊಟ್ಟೆಗಳನ್ನು ಆರಿಸುವಾಗ, ಮೂರು ದಿನ ಬಿಸಿಲೇ ಇರಲಿಲ್ಲ. "ನೀ ಬಿಸ್ಲು ಕಾಯ್ತೀಯ, ಚಿಟ್ಟ ಕಾಯ್ತದಾ? ದೀಪ ಅಚ್ಕೊಂಡ್ ನೋಡು" ಎಂದಿದ್ದ ಮಾಲೀಕ ಶಿವರುದ್ರಸ್ವಾಮಿ. ದೀಪಕ್ಕೆ ಅಡ್ಡ ಇಡಲು ಮದರಾಸಿನಿಂದ ನೀಲಿ ಗಾಜು ತರಿಸಿ ಎಂದರೆ, "ಬಿ.ಎಸ್ಸಿ. ಕಣ್ಗೂ ಕಾಡಿಗೆ ಬೇಕಾ?" ಎಂದು ನಕ್ಕಿದ್ದ.

ಜಗಲಿಯಲ್ಲಿ ಈಗಲೂ ಅವನದೇ ದನಿ. "ಉಳದ ಮನ್ಗ ಯಾರೋ ಮೈಲ್ಗೆಲಿ ಓಗವ್ರ, ಬಸಮ್ಮ."

"ಇನ್ಯಾರು, ನನ್ ಸೊಸ ಪುಟ್ಟಮಲ್ಲಿ. ಮುಟ್ಟಾಗಿದ್ದಾಗ್ಲೇ ಸೊಪ್ಪಾಕವ್ಳ. ಅಗರದ ತವರ್ಗ ಅಟ್ಬುಟ್ಟೀನಿ."

ಷಡಕ್ಷರಿ ಹೊರಗೆ ಬಂದ. "ಲಿಂಗ ಕಟ್ದೋರ್ಗ ಸೂತ್ಕ ಇಲ್ಲ ಅಂತೀರಲ್ಲಮ್ಮ!"

"ನಮ್ಗಿಲ್ಲ ಸಾ. ಉಳ ಲಿಂಗ ಕಟ್ಟಿಲ್ವಲ್ಲ!" ಅವಳ ನಗೆ ಅರ್ಧಕ್ಕೇ ನಿಂತಿತು. "ನೀವೇ ಏಳಿ. ಮೊಟ್ಟ ಕೆಟ್ಟಿತ್ತು ಅಂದ್ರ ಈಗ್ಲೇ ಓಗಿ ಅವ್ಳ್ನ ಕರ್ಕಬತ್ತೀನಿ. ಇಲ್ಲ ಅಂದ್ರ ಮಗನ್ಗ ಬ್ಯಾರೆ ಎಣ್ಣು."

ಶಿವರುದ್ರಸ್ವಾಮಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. ದೀಪ ಹಚ್ಚು ಎಂದವನು ಇವನು. ಹಚ್ಚಿದವನು, ರೋಗವಿಲ್ಲವೆಂದು ಮೊಟ್ಟೆಯ ಹಾಳೆ ಹಾಳೆಗೂ ರುಜು ಹಾಕಿದವನು ತಾನು.

"ನಾನು ನೋಡಿದಾಗ ಸರಿಯಾಗೇ ಕಾಣ್ತು," ಎಂದ ಷಡಕ್ಷರಿ.

ದೊಡ್ಡಬಸಮ್ಮ ಸತ್ತ ಹುಳುಗಳನ್ನು ತಿಪ್ಪೆಗೆ ಸುರಿದು, ಬುಟ್ಟಿ ಕೊಡವಿದಳು.

ಒಳಗೆ ಬಂದವನೇ ದೀಪದ ಗಾಜಿನ ಬುರುಡೆಯನ್ನು ಗೋಡೆಗೆ ಅಪ್ಪಳಿಸಿದ.

"ಏನ್ಲಾ ಅದು?" ಮಾಲೀಕ ಕೂಗಿದ.

"ಕೈ ಜಾರ್ತು."

ಅಂಗೈಯಲ್ಲಿ ರಕ್ತ ಸಣ್ಣಗೆ ಜಿನುಗುತ್ತಿತ್ತು. ಬಾಗಿಲಾಚೆ ದೊಡ್ಡಬಸಮ್ಮ ಹೊಸ ಮೊಟ್ಟೆಯ ಹಾಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಿಸಿಲು ತಾಕದಂತೆ ಎದೆಗೊತ್ತಿ ನಡೆಯುತ್ತಿದ್ದಳು. ಬೀದಿಯ ತಿರುವಿನವರೆಗೂ ಅವಳು ಕಾಣುತ್ತಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ.

ಪುಟ್ಟಮಲ್ಲಿಯ ತಪ್ಪಿಲ್ಲ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.