ಐಸಿನಿಂದ ತೆಗೆದ ಮೀನು ಈಜುತ್ತದೆಯೇ?

ನಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ಒಬ್ಬರಿಗೆ, ಅದರ ಸಂಕಟ ಮಾತ್ರ ಮೂವರಿಗೂ. ಕಾಯಿಲೆ ನಮ್ಮ ಯಜಮಾನರ ಅಕ್ಕನದು. ನನಗೆ ಅವರು ಅತ್ತಿಗೆಯಾಗಬೇಕು. ಬೀದಿಯವರೆಲ್ಲ ಅಕ್ಕ ಅಂತಲೇ ಕರೆಯುವುದರಿಂದ ನಾನೂ ಹಾಗೆಯೇ ಹೇಳುತ್ತೇನೆ. ಅಕ್ಕ ಉಣ್ಣೆಯ ಟೋಪಿ, ಸ್ವೆಟರ್ ಹೆಣೆದು ಮಾರುತ್ತಾರೆ. ತಾಯಿ ಬೇಗ ಹೋದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಆ ತಮ್ಮ ಈಗ ಐಸ್ ಫ್ಯಾಕ್ಟರಿಯಲ್ಲಿ ಮೇಸ್ತ್ರಿ. ಮೀನು ಮಾರುವವರಿಗೆಲ್ಲ ಅವರೇ ಐಸ್ ಕೊಡಬೇಕು. ಹಾಗಾಗಿ ಊರಿಗೆಲ್ಲ ಐಸಣ್ಣ.

ಐಸಣ್ಣನ ಮನೆಯಲ್ಲಿ ಫ್ರಿಜ್ ಇಲ್ಲ ಎಂದರೆ ಜನ ನಗುತ್ತಾರೆ. ನಗಲಿ. ದೀಪದ ಬುಡದಲ್ಲಿ ಕತ್ತಲೆ ಇರುವುದು ನಮ್ಮ ಮನೆಯಲ್ಲಿ ಮಾತ್ರವಲ್ಲವಲ್ಲ.

ಅಕ್ಕನಿಗೆ ಚಪ್ಪಲಿ ಕಚ್ಚಿ ಕಾಲ್ಬೆರಳಲ್ಲಿ ಗಾಯವಾಗಿತ್ತು. ನೋಡಿದರೆ ಹುಣಸೆ ಬೀಜದಷ್ಟು. ಆದರೆ ಒಣಗಲಿಲ್ಲ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೂ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಇನ್ಸುಲಿನ್ ಪ್ರಮಾಣ ಹೆಚ್ಚಿಸಿದರು. ಮತ್ತೂ ಹೆಚ್ಚಿಸಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತೇ ಹೊರತು ಏನೂ ಉಪಯೋಗವಾಗಲಿಲ್ಲ. ಬೆರಳು ಕಪ್ಪಾದರೆ ತೆಗೆಯಬೇಕಾಗಬಹುದು ಎಂದು ಡಾಕ್ಟರು ಮೆಲ್ಲಗೆ ಹೇಳಿ ಕಳಿಸಿದ್ದರು.

ಒಂದು ದಿನ ಬೆಳಿಗ್ಗೆ ಅಕ್ಕ ಹೆಣಿಗೆಯ ಕಡ್ಡಿ ಕೆಳಗಿಟ್ಟು ಹೇಳಿದರು, "ನೋಡು ಕಣಮ್ಮ, ಇನ್ನು ಈ ಚುಚ್ಚೋದು ಸಾಕು. ಹೊಟ್ಟೆ ಮೇಲೆ ಚುಚ್ಚೋಕೆ ಜಾಗ ಉಳಿದಿಲ್ಲ. ನನ್ನ ಮೈಗೆ ಈ ಔಷಧಿ ಹಿಡಿಯಲ್ಲ."

"ಬಿಟ್ರೆ ಏನಾಗುತ್ತೋ ಏನೋ, ಅಕ್ಕ," ಎಂದೆ.

"ಹಾಕ್ಕೊಂಡು ಏನಾಯ್ತು ಹೇಳು. ನಾಳೆಯಿಂದ ಬಿಟ್ಟೆ. ಆಯ್ತು, ಮುಗೀತು."

ಅಕ್ಕನದು ಹಿಡಿದ ಮೊಲಕ್ಕೆ ಮೂರೇ ಕಾಲು. ತಮ್ಮನದೂ ಅಷ್ಟೇ, ಅವರ ಕೈಯಲ್ಲೇ ಬೆಳೆದವರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಧ್ಯಾಹ್ನ ಗಾಯಕ್ಕೆ ಪಟ್ಟಿ ಕಟ್ಟಲು ಬಂದ ಆರೋಗ್ಯ ಕೇಂದ್ರದ ನರ್ಸಮ್ಮನ ಕಿವಿಗೆ ವಿಷಯ ಹಾಕಿದೆ. ನರ್ಸಮ್ಮ ಇರುವುದು ನಮ್ಮ ಮನೆಯಿಂದ ಎರಡು ಮನೆ ಆಚೆ. ಬೈಯುವುದಿಲ್ಲ, ಗದರುವುದಿಲ್ಲ. ಪ್ರಶ್ನೆ ಮಾತ್ರ ಬಿಡುವುದಿಲ್ಲ.

"ಚುಚ್ಚೋದು ಸರಿಯಾಗಿದೆ, ನಾನೇ ನೋಡಿದ್ದೀನಿ. ಊಟನೂ ಪರವಾಗಿಲ್ಲ," ಎಂದು ಯೋಚಿಸಿದವರು, "ಬಾಟಲಿ ಎಲ್ಲಿ ಇಡ್ತೀರಿ?" ಎಂದರು.

ಅಕ್ಕನ ಮುಖ ಆಗ ಅರಳಿತು. "ಅದೊಂದರಲ್ಲಿ ನನ್ನ ತಮ್ಮನ್ನ ಮೀರಿಸೋರಿಲ್ಲ. ತಂಪಾಗಿಡಿ ಅಂದ್ರಲ್ಲ, ಅವನ ಫ್ಯಾಕ್ಟರಿಲಿ ಇಟ್ಟಿರ್ತಾನೆ. ದಿನಾ ಮಧ್ಯಾಹ್ನ ಊಟಕ್ಕೆ ಬರೋವಾಗ ತರ್ತಾನೆ, ನಾನು ಚುಚ್ಕೊಂಡ ಮೇಲೆ ವಾಪಸ್ ತಗೊಂಡು ಹೋಗ್ತಾನೆ. ಒಂದು ದಿನ ತಪ್ಪಿಸಿಲ್ಲ."

ಅಷ್ಟರಲ್ಲಿ ಯಜಮಾನರು ಊಟಕ್ಕೆ ಬಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಪುಡಿ ಐಸು, ಐಸಿನ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಟಲಿ. ನರ್ಸಮ್ಮ ಬಾಟಲಿಯನ್ನು ಅಲುಗಾಡಿಸಿ ನೋಡಿದರು. ಒಳಗೆ ಏನೂ ಅಲುಗಾಡಲಿಲ್ಲ.

"ಕಲ್ಲಾಗಿದೆಯಲ್ಲ ಐಸಣ್ಣ."

"ಮತ್ತೆ? ನೀರು ತುಂಬಿದ ಅಚ್ಚು ಇಳಿಸಿ ಐಸ್ ಕಟ್ಟೋ ಉಪ್ಪುನೀರಿನ ತೊಟ್ಟಿ ಇದೆಯಲ್ಲ, ಅದರೊಳಗೇ ನೇತು ಹಾಕ್ತೀನಿ. ನಮ್ಮಲ್ಲಿ ಅದಕ್ಕಿಂತ ತಣ್ಣಗಿನ ಜಾಗ ಇಲ್ಲ," ಎಂದರು ಯಜಮಾನರು, ಬಹುಮಾನ ಕೊಡುತ್ತಾರೇನೋ ಎಂಬಂತೆ ನಿಂತು. "ಅಕ್ಕ ಚುಚ್ಕೊಳ್ಳೋ ಹೊತ್ತಿಗೆ ಅಂಗೈಲಿ ಹಿಡಿದು ಕರಗಿಸಿ ಕೊಡ್ತೀನಿ."

ನರ್ಸಮ್ಮ ಬಾಟಲಿಯನ್ನು ಕೆಳಗಿಟ್ಟರು. ಆಮೇಲೆ, "ಐಸಣ್ಣ, ಔಷಧಿ ಕೆಟ್ಟಿರೋದು ಅಲ್ಲೇ ಅನ್ಸುತ್ತೆ," ಎಂದರು.

ಯಜಮಾನರಿಗೆ ಸಿಟ್ಟು ಬಂತು. "ತಣ್ಣಗಿಟ್ರೆ ಯಾವುದಾದ್ರೂ ಕೆಡುತ್ತಾ ನರ್ಸಮ್ಮ? ಇಷ್ಟು ವರ್ಷದಿಂದ ಐಸ್ ಮಾಡ್ತಿದ್ದೀನಿ. ನನ್ನ ಐಸಲ್ಲಿ ಮೀನು ವಾರಗಟ್ಟಲೆ ತಾಜಾ ಇರುತ್ತೆ. ಯಾರನ್ನ ಬೇಕಾದ್ರೂ ಕೇಳಿ."

"ಇರುತ್ತೆ, ನಾನೂ ಕೊಂಡು ತಿಂದಿದ್ದೀನಿ. ಒಂದು ಮಾತು ಕೇಳ್ತೀನಿ. ಐಸಿಂದ ತೆಗೆದ ಮೀನು ಈಜುತ್ತಾ?"

ಅಕ್ಕ ಕಿಸಕ್ಕನೆ ನಕ್ಕರು. ಯಜಮಾನರು ನಗಲಿಲ್ಲ.

"ಮೀನು ತಿನ್ನೋದಕ್ಕೆ. ಕೊಳೀದಿದ್ರೆ ಸಾಕು," ಎಂದರು ನರ್ಸಮ್ಮ. "ಇನ್ಸುಲಿನ್ ಹಾಗಲ್ಲ. ಮೈ ಒಳಗೆ ಹೋಗಿ ಕೆಲಸ ಮಾಡ್ಬೇಕು. ಏನು ಕೆಲಸ ಅಂತ ಯಾರಾದ್ರೂ ಹೇಳಿದ್ದಾರಾ?"

ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ನರ್ಸಮ್ಮ ಅಕ್ಕನ ಪಕ್ಕದಲ್ಲಿ ಚಾಪೆಯ ಮೇಲೆಯೇ ಕೂತರು.

"ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಜೀವಕೋಶಗಳು. ಒಂದೊಂದೂ ಒಂದು ಮನೆ ಅಂದ್ಕೊಳ್ಳಿ. ಮನೆ ತುಂಬ ನೀರು. ಸುತ್ತ ಇರೋ ಗೋಡೆ ಹೆಚ್ಚಾಗಿ ಕೊಬ್ಬಿಂದು."

"ಕೊಬ್ಬು ಅಂದ್ರೆ ಕೆಟ್ಟದ್ದು ಅಂತಾರಲ್ಲ," ಎಂದೆ ನಾನು. ನನ್ನ ಸೊಂಟದ ಚಿಂತೆ ನನಗೆ.

"ಅತಿಯಾದ್ರೆ ಕೆಟ್ಟದ್ದು. ಇಲ್ಲದೇ ಹೋದ್ರೆ ಮನೆಗೆ ಗೋಡೇನೇ ಇರಲ್ಲ. ಇನ್ನು ಒಲೆಗೆ ಸೌದೆ ಬೇಕಲ್ಲ, ಅದು ಸಕ್ಕರೆ. ನಾವು ತಿಂದ ಅನ್ನ, ರೊಟ್ಟಿ ಎಲ್ಲ ಕೊನೆಗೆ ಸಕ್ಕರೆಯಾಗಿ ರಕ್ತದಲ್ಲಿ ಹರಿದು ಬರುತ್ತೆ. ಮನೆಕೆಲಸ ಮಾಡೋದೆಲ್ಲ ಪ್ರೋಟೀನು."

"ಪ್ರೋಟೀನು ಅಂದ್ರೆ ಬೇಳೆ, ಮೊಟ್ಟೆ ತಾನೇ?" ಯಜಮಾನರು ಸಿಟ್ಟಿನಲ್ಲಿದ್ದರೂ ಕಿವಿ ಇಲ್ಲೇ ಇತ್ತು.

"ಅದರಲ್ಲೂ ಇದೆ. ಕೂದಲು, ಉಗುರು, ಅಕ್ಕನ ಕೈಯಲ್ಲಿರೋ ಈ ಉಣ್ಣೆನೂ ಪ್ರೋಟೀನೇ. ಸಾವಿರಾರು ಬಗೆ. ಇನ್ಸುಲಿನ್ನೂ ಒಂದು ಬಗೆ. ಅದು ಬಂದು ಕೋಶದ ಬಾಗಿಲು ತಟ್ಟಿದ್ರೇನೇ ಸಕ್ಕರೆ ಒಳಗೆ ಹೋಗೋದು. ತಟ್ಟೋರು ಇಲ್ಲ ಅಂದ್ರೆ ಸೌದೆಯೆಲ್ಲ ಬೀದಿಲೇ ರಾಶಿ ಬಿದ್ದಿರುತ್ತೆ, ಮನೆ ಒಳಗೆ ಒಲೆ ತಣ್ಣಗೆ. ಅಕ್ಕನ ಗಾಯ ಮಾಯದೇ ಇರೋದಕ್ಕೆ ಅದೇ ದೊಡ್ಡ ಕಾರಣ. ಹೊಸ ಚರ್ಮ ಕಟ್ಟೋ ಕೋಶಗಳು ಉಪವಾಸ ಕೂತಿವೆ."

ಅಕ್ಕ ಪಟ್ಟಿ ಕಟ್ಟಿದ ಬೆರಳನ್ನೇ ನೋಡಿದರು. "ಪಾಪ," ಎಂದರು, ಯಾರದೋ ಮಕ್ಕಳ ವಿಷಯ ಕೇಳಿದಂತೆ.

ನರ್ಸಮ್ಮ ಅಕ್ಕನ ಮಡಿಲಲ್ಲಿದ್ದ ಅರ್ಧ ಹೆಣೆದ ಟೋಪಿಯನ್ನು ಎತ್ತಿಕೊಂಡರು. "ಇದು ಒಂದೇ ಎಳೆ ತಾನೇ ಅಕ್ಕ? ಪ್ರೋಟೀನೂ ಹೀಗೇ ಉದ್ದ ಎಳೆ. ಇಲ್ಲಿ ಮಡಿಸಿ, ಅಲ್ಲಿ ಸುತ್ತಿ, ಅದಕ್ಕೊಂದು ಆಕಾರ ಬಂದಿರುತ್ತೆ. ಯಾವ ಪ್ರೋಟೀನಿನ ಎಳೆ ಹೇಗಿರಬೇಕು ಅನ್ನೋ ಮಾದರಿ ಹೆಚ್ಚುಕಮ್ಮಿ ಎಲ್ಲಾ ಕೋಶದ ಒಳಗೂ ಇರುತ್ತೆ. ಡಿ.ಎನ್.ಎ. ಅಂತಾರಲ್ಲ, ಅದೇ."

ಅಕ್ಕ ಟೋಪಿಯನ್ನು ವಾಪಸ್ ಕಿತ್ತುಕೊಂಡರು. "ಹೆಣಿಗೆ ಬಿಚ್ಚಿ ಹೋದ್ರೆ ಉಣ್ಣೆ ಅಷ್ಟೇ ಇರುತ್ತೆ, ಟೋಪಿ ಮಾತ್ರ ಇರಲ್ಲ. ತಲೆಗೆ ಹಾಕ್ಕೊಳ್ಳೋಕಾಗುತ್ತಾ?"

"ನಾನು ಹೇಳೋದನ್ನ ನೀವೇ ಹೇಳಿಬಿಟ್ರಿ," ಎಂದರು ನರ್ಸಮ್ಮ. "ಆಕಾರ ಹೋದ್ರೆ ಇನ್ಸುಲಿನ್ ಬಾಗಿಲು ತಟ್ಟಲ್ಲ. ಬಿಸಿಲಲ್ಲಿ, ಒಲೆ ಪಕ್ಕ ಇಟ್ರೂ ಆಕಾರ ಹೋಗುತ್ತೆ. ಗಟ್ಟಿ ಐಸಾದ್ರೂ ಹೋಗುತ್ತೆ. ನೀರು ಹೆಪ್ಪುಗಟ್ಟೋವಾಗ ತನ್ನ ಜೊತೆ ಇರೋದನ್ನೆಲ್ಲ ಪಕ್ಕಕ್ಕೆ ತಳ್ಳುತ್ತಲ್ಲ..."

"ನಡುವೆ ಬೆಳ್ಳಗಾಗುತ್ತೆ," ಎಂದರು ಯಜಮಾನರು ತಟ್ಟನೆ.

ಎಲ್ಲರೂ ಅವರತ್ತ ನೋಡಿದೆವು.

"ಐಸ್ ಗಡ್ಡೆ ಹೊರಗಿಂದ ಒಳಕ್ಕೆ ಕಟ್ಟೋದು. ಅಂಚೆಲ್ಲ ಗಾಜಿನ ಹಾಗೆ. ನೀರಲ್ಲಿರೋ ಉಪ್ಪು, ಗಾಳಿ, ಕಸ ಎಲ್ಲ ನಡುವಿಗೆ ಒತ್ತಿ ಒತ್ತಿ ಬಿಳೀ ಗೆರೆ ಆಗುತ್ತೆ," ಎಂದರು. ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು.

"ಇನ್ಸುಲಿನ್ನನ್ನೂ ಹಾಗೇ ಒತ್ತುತ್ತೆ ಐಸಣ್ಣ. ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತೆ. ಐಸ್ ಕರಗಿದ್ರೂ ಗಂಟು ಬಿಡಲ್ಲ."

ಅಷ್ಟು ಸುಲಭಕ್ಕೆ ಒಪ್ಪಿದರೆ ಅವರು ನಮ್ಮ ಯಜಮಾನರಲ್ಲ. "ಕರಗಿದ ಮೇಲೆ ಕನ್ನಡಿ ಹಾಗೆ ಇರುತ್ತಲ್ಲ. ಗಂಟು ಎಲ್ಲಿದೆ ತೋರಿಸಿ."

"ಕಣ್ಣಿಗೆ ಕಾಣದೇ ಇರಬಹುದು. ಅದೇ ಮೋಸ. ಪರೀಕ್ಷೆ ಬೇಕಾದ್ರೆ ನೀವೇ ಮಾಡಿ, ಮೊಟ್ಟೆಲೂ ಪ್ರೋಟೀನ್ ಇದೆಯಲ್ಲ. ಎರಡು ಮೊಟ್ಟೆ ಒಡೆದು ಹಳದಿ ಬೇರೆ ಮಾಡಿ. ಒಂದನ್ನ ಡಬ್ಬಿಲಿ ಮುಚ್ಚಿ ನಿಮ್ಮ ತೊಟ್ಟಿಗೆ ಇಳಿಸಿ. ಇನ್ನೊಂದನ್ನ ನಮ್ಮ ಮನೆ ಫ್ರಿಜ್ಜಲ್ಲಿ ಕೆಳಗಿನ ತಟ್ಟೆಲಿ ಇಡ್ತೀನಿ. ನಾಳೆ ನೋಡೋಣ. ಅಲ್ಲೀವರೆಗೆ ಈ ಬಾಟಲಿ ಬೇಡ. ಅಕ್ಕನಿಗೆ ಇವತ್ತಿನದನ್ನ ಡಾಕ್ಟರನ್ನ ಕೇಳಿ ನಾನೇ ಕೊಡಿಸ್ತೀನಿ."

ನಾನು ಆಗ, "ಅಕ್ಕ ಈಗಿನಷ್ಟೇ ಹಾಕ್ಕೊಳ್ಳೋದಾ?" ಎಂದು ಕೇಳಿದೆ. ನರ್ಸಮ್ಮ ಕೈ ಅಡ್ಡ ಹಿಡಿದರು.

"ಬೇಡ. ಡಾಕ್ಟರು ಪ್ರಮಾಣ ಹೆಚ್ಚಿಸಿದ್ದು ಕೆಟ್ಟ ಔಷಧಿ ನೋಡಿಕೊಂಡು. ಒಳ್ಳೇ ಔಷಧಿನ ಅಷ್ಟೇ ಹಾಕಿದ್ರೆ ಸಕ್ಕರೆ ಒಮ್ಮೆಗೇ ಕುಸಿದು ಪ್ರಾಣಕ್ಕೇ ಬರುತ್ತೆ. ಎಷ್ಟು ಅಂತ ಅವರೇ ಹೇಳ್ಬೇಕು." ಡಾಕ್ಟರಿಗೆ ವಿಷಯವೆಲ್ಲ ಹೇಳಿದೆವು. ಅವರು ಪ್ರಮಾಣ ತಗ್ಗಿಸಿ ಬರೆದುಕೊಟ್ಟರು.

ಮರುದಿನ ಊಟಕ್ಕೆ ಬಂದಾಗ ಯಜಮಾನರು ಡಬ್ಬಿಯನ್ನು ಬಿಸಿಲಿಗಿಟ್ಟು ಕಾದರು. ನರ್ಸಮ್ಮ ತಮ್ಮ ಬಟ್ಟಲು ತಂದರು. ಅವರ ಬಟ್ಟಲನ್ನು ವಾಲಿಸಿದರೆ ಹಳದಿ ಹರಿದು ತಟ್ಟೆಗಿಳಿಯಿತು. ನಮ್ಮ ಡಬ್ಬಿಯ ಹಳದಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೂ ಹರಿಯಲಿಲ್ಲ. ಡಬ್ಬಿ ಮಗುಚಿದರೂ ಗಟ್ಟಿ ಮುಲಾಮಿನಂತೆ ಅಂಟಿಕೊಂಡೇ ಇತ್ತು. ಯಜಮಾನರು ಬೆರಳಲ್ಲಿ ಒತ್ತಿದರು, ಚಮಚದಲ್ಲಿ ಕಲಕಿದರು, ಮತ್ತೆ ಬಿಸಿಲಿಗಿಟ್ಟರು. ಅದು ಮೊದಲಿನಂತಾಗಲಿಲ್ಲ.

"ಐಸ್ ಹೋಯ್ತು," ಎಂದರು ಕೊನೆಗೆ. "ಇದು ಮಾತ್ರ ವಾಪಸ್ ಬರ್ಲಿಲ್ಲ."

ಹೇಳಿ ಹೊಸ್ತಿಲ ಮೇಲೆ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ. "ಅಕ್ಕ, ಹಾಗಾದ್ರೆ ನಿನ್ನ ಕಾಲು ಹೀಗಾಗಿದ್ದು ನನ್ನಿಂದ. ದಿನಾ ನೀನು ನೋವು ತಿಂದು ಚುಚ್ಕೊಂಡಿದ್ದೆಲ್ಲ ಬರೀ ನೀರು."

ನಾನು ಯಾವಾಗಲೂ ಅವರನ್ನು ಗೇಲಿ ಮಾಡುವವಳು, ಅವತ್ತು ಬಡಿಸಿದ ತಟ್ಟೆಯನ್ನು ಮುಚ್ಚಿಟ್ಟೆ. ಅಕ್ಕ ಗೋಡೆ ಹಿಡಿದುಕೊಂಡು ಕುಂಟುತ್ತ ಹೋಗಿ ಪಕ್ಕದಲ್ಲಿ ಕೂತರು.

"ಲೋ, ನೀನು ಚಿಕ್ಕೋನಿದ್ದಾಗ ಚಳಿ ಅಂತ ನಾನು ಮೂರು ಸ್ವೆಟರ್ ಹಾಕಿ ಮಲಗಿಸಿದ್ದಕ್ಕೆ ನೀನು ಬೆವತು ಜ್ವರ ಬಂದಿತ್ತು. ಆಗ ನಾನು ಹೊಸ್ತಿಲ ಮೇಲೆ ಕೂತ್ನಾ? ಒಂದು ಸ್ವೆಟರ್ ಬಿಚ್ಚಿದೆ ಅಷ್ಟೇ. ಏಳು, ಊಟ ಮಾಡು. ನಾನು ಔಷಧಿ ಬಿಡಲ್ಲ. ಕೆಟ್ಟಿದ್ದು ಬಾಟಲಿ, ನನ್ನ ಮೈ ಅಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು ನನಗೆ."

ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು ನನಗೆ.

ಈಗ ಅಕ್ಕನ ಹೊಸ ಬಾಟಲಿಗಳು ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಕೆಳಗಿನ ತಟ್ಟೆಯಲ್ಲಿ ಇರುತ್ತವೆ. ಬಳಸುತ್ತಿರುವ ಒಂದು ಬಾಟಲಿ ಮಾತ್ರ ಮನೆಯಲ್ಲಿ. ಒದ್ದೆ ಮರಳು ತುಂಬಿದ ದೊಡ್ಡ ಮಡಕೆಯೊಳಗೆ ಒಣ ಸಣ್ಣ ಮಡಕೆ ಇಟ್ಟು, ಅದರಲ್ಲಿ ಬಾಟಲಿ ಇಟ್ಟು, ನೆರಳಿನ ಮೂಲೆಯಲ್ಲಿ ಕೂರಿಸಿದ್ದೇವೆ. ಮರಳಿಗೆ ದಿನಾ ನೀರು ಚಿಮುಕಿಸುವುದು ಐಸಣ್ಣನ ಪಾಲಿನ ಕೆಲಸ. ನೀರು ಹೆಚ್ಚಾದರೆ ಅಕ್ಕ ಒಳಗಿಂದಲೇ ಗದರುತ್ತಾರೆ.

ಸಕ್ಕರೆ ನಿಧಾನವಾಗಿ ಹಿಡಿತಕ್ಕೆ ಬಂತು. ಗಾಯದ ಅಂಚಿನಲ್ಲಿ ತೆಳು ಗುಲಾಬಿ ಚರ್ಮ ಕಾಣಿಸಿತು. ಒಂದು ದಿನ ನರ್ಸಮ್ಮ ಪಟ್ಟಿ ಬಿಚ್ಚಿದವರು ಮತ್ತೆ ಕಟ್ಟಲಿಲ್ಲ. ಅಕ್ಕ ಬೆರಳಾಡಿಸಿ ನೋಡಿಕೊಂಡು, "ಒಲೆ ಹತ್ತಿದೆ," ಎಂದರು.

ಆ ವಾರ ಅಕ್ಕ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಣ್ಣೆ ಚೀಲ ಹೆಣೆದರು. ದೂರದ ಪ್ರಯಾಣದಲ್ಲಿ ಔಷಧಿಯನ್ನು ಐಸಿನ ಡಬ್ಬಿಯಲ್ಲಿ ಒಯ್ಯಬೇಕಾದರೆ ಬಾಟಲಿ ಐಸಿಗೆ ತಾಗಬಾರದಲ್ಲ, ಅದಕ್ಕೆ. ಯಜಮಾನರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಬಾಟಲಿಗೂ ಸ್ವೆಟರಾ?" ಎಂದರು. "ಒಂದೇ ಹಾಕಿದ್ದೀನಿ ಕಣೋ," ಎಂದರು ಅಕ್ಕ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರಿದ್ದರೆ ಈಗಲೇ ಎದ್ದು ಹೋಗಿ ಬಾಟಲಿ ಎಲ್ಲಿದೆ ನೋಡಿ. ಒಲೆಯ ಪಕ್ಕ, ಕಿಟಕಿಯ ಬಿಸಿಲಲ್ಲಿ ಇದ್ದರೆ ತೆಗೆಯಿರಿ. ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಖಂಡಿತ ಬೇಡ. ಕೆಳಗಿನ ತಟ್ಟೆ ಸಾಕು. ಬಳಕೆಗೆ ತೆಗೆದ ಬಾಟಲಿ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಅದರ ಜೊತೆಗಿನ ಚೀಟಿಯಲ್ಲಿ ಓದಿ, ಇಲ್ಲವೇ ಓದಿಸಿಕೊಳ್ಳಿ. ಒಮ್ಮೆ ಗಟ್ಟಿಯಾದದ್ದನ್ನು ಕರಗಿಸಿ ಬಳಸಬೇಡಿ, ನೋಡಲು ಎಷ್ಟೇ ತಿಳಿಯಾಗಿರಲಿ. ಬಾಟಲಿ ಬದಲಿಸುವ ಮೊದಲು ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಔಷಧಿ ಹಿಡಿಯುತ್ತಿಲ್ಲ ಎಂದು ಯಾರಾದರೂ ಕೈ ಚೆಲ್ಲಿದರೆ, ಬಿಡುವ ಮುಂಚೆ ಅದನ್ನು ಇಟ್ಟ ಜಾಗ ಯಾವುದು ಎಂದು ಒಂದು ಮಾತು ಕೇಳಿ. ತಣ್ಣಗಿಟ್ಟರೆ ಏನೂ ಕೆಡುವುದಿಲ್ಲ ಎಂದು ಅವರು ವಾದಿಸಿದರೆ, ನಮ್ಮ ಐಸಣ್ಣನ ಹತ್ತಿರ ಕಳಿಸಿ. ಈಗ ಮೀನಿನ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಿರುವವರು ಅವರೇ.