ಎಸಿ ನಿಂತಾಗಿನ ಮಾತು

ಧಡ್, ಮತ್ತೆ ಹೆಜ್ಜೆ, ಈಗ ಒಲೆಯ ಮೇಲೆ, ಈಗ ನನ್ನ ನೆತ್ತಿಯ ಮೇಲೆಯೇ, ಚಾವಣಿ ಒಳಕ್ಕೆ ಬಗ್ಗಿ ಟಪ್ ಎಂದು ಮೇಲಕ್ಕೇಳುತ್ತದೆ — ಅಡ್ಡಪಟ್ಟಿ ಇರುವಲ್ಲಿ ಕಾಲಿಡಪ್ಪ, ನಡುವೆ ಇಡಬೇಡ, ಎಂದು ಕೂಗಬೇಕು ಅನ್ನಿಸುತ್ತದೆ, ಕೂಗುವುದಿಲ್ಲ, ರಿಪೇರಿಯವನಿಗೆ ರಿಪೇರಿ ಕಲಿಸುವ ಮುದುಕಿ ಆಗುವುದು ಬೇಡ, ಆ ಕೆಲಸಕ್ಕೆ ಹೊರಗೆ ಹಾರ್ಲನ್ ನಿಂತಿದ್ದಾನಲ್ಲ, ಪಕ್ಕದ ಗಾಡಿಯವನು, ಏಣಿಯ ಬುಡದಲ್ಲಿ ತೋಳು ಕಟ್ಟಿಕೊಂಡು, ಎಸಿ ಎಂಬುದನ್ನು ತಾನೇ ಕಂಡುಹಿಡಿದವನ ಹಾಗೆ. ಕತ್ತಿಗೆ ಸುತ್ತಿದ ಒದ್ದೆ ಟವೆಲ್ ಆಗಲೇ ಒಣಗಿ ಗರಿಗರಿ, ಲೋಟದ ಐಸೆಲ್ಲ ಕರಗಿ ಟೀ ನೀರಾಗಿದೆ, ಮೇ ತಿಂಗಳು, ಇನ್ನೂ ಮೇ ಅಷ್ಟೇ, ಅರಿಜೋನಾದ ಬಿಸಿಲು ಇನ್ನೂ ಅಂಗಿಯ ತೋಳು ಮಡಚಿಲ್ಲ, ಆಗಲೇ ಈ ಡಬ್ಬಿಯೊಳಗೆ ಬೆಂದ ಬೀನ್ಸಿನ ಹಾಗೆ ಕೂತಿದ್ದೇನೆ. ಮನೆ ಎಂದರೆ ಇದೇ, ನಾಲ್ಕು ಚಕ್ರದ ಮೇಲೆ ಒಂದು ಹಾಸಿಗೆ, ಒಂದು ಒಲೆ, ಮಡಚುವ ಮೇಜು, ಮೇಲೆ ಗೂನುಬೆನ್ನಿನ ಹಾಗೆ ಕೂತ ಎಸಿ. ನಿನ್ನೆ ಮಧ್ಯಾಹ್ನ ಅದು ಊಂ ಎಂದಿತು, ಏಳುವುದಕ್ಕೆ ನೋಡಿತು, ಆಗಲಿಲ್ಲ, ಟಕ್ ಎಂದು ಸುಮ್ಮನಾಯಿತು, ಮತ್ತೆ ಊಂ, ಮತ್ತೆ ಟಕ್, ಮಂಡಿ ಹೋದವಳು ಕುರ್ಚಿಯಿಂದ ಏಳುವಾಗ ಮಾಡುವ ಸದ್ದೇ ಅದು, ನನಗೆ ಚೆನ್ನಾಗಿ ಗೊತ್ತಿರುವ ಸದ್ದು.

ಜನವರಿಯಾಗಿದ್ದರೆ ಏಣಿಯ ಬುಡದಲ್ಲಿ ಒಂದು ಸಭೆಯೇ ಸೇರಿರುತ್ತಿತ್ತು, ಗಾಡಿಮನೆಗಳು ನಿಲ್ಲುವ ಈ ಪಾರ್ಕಿನಲ್ಲಿ ಯಾರ ಗಾಡಿಯ ಮೇಲೆ ಯಾರು ಹತ್ತಿದರೂ ಸಾಕು, ಎಲ್ಲಿದ್ದ ಗಂಡಸರೂ ಕಾಫಿ ಲೋಟ ಹಿಡಿದುಕೊಂಡು ಬರುತ್ತಾರೆ, ಯಾರೂ ಕರೆದಿರುವುದಿಲ್ಲ, ಯಾರೂ ಸ್ಪ್ಯಾನರ್ ಮುಟ್ಟುವುದಿಲ್ಲ, ಒಬ್ಬ ಬದಲಾಯಿಸು ಎನ್ನುತ್ತಾನೆ, ಒಬ್ಬ ರಿಪೇರಿ ಮಾಡಿಸು ಎನ್ನುತ್ತಾನೆ, ಮೂರನೆಯವನು ತನ್ನ ಗಾಡಿಯ ಕಥೆ ತೆಗೆಯುತ್ತಾನೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಎಲ್ಲ ಗಾಡಿ ಕಟ್ಟಿಕೊಂಡು ಉತ್ತರಕ್ಕೆ, ತಂಪಿಗೆ, ಮೊಮ್ಮಕ್ಕಳಿಗೆ, ಉಳಿದಿರುವುದು ಖಾಲಿ ಜಲ್ಲಿಯ ಜಾಗಗಳು, ಪ್ರತಿ ಜಾಗಕ್ಕೂ ಒಂದೊಂದು ಕರೆಂಟಿನ ಕಂಬ, ಮತ್ತೆ ಹಾರ್ಲನ್, ಮತ್ತೆ ನಾನು. ಗೆಳತಿ ಡೋರೀನ್ ಬೆಳಿಗ್ಗೆಯೂ ಫೋನ್ ಮಾಡಿದ್ದಳು, ಮಿನೆಸೋಟದಿಂದ, ಬಂದ್ಬಿಡೇ ಇಲ್ಲಿಗೆ, ಯಾಕೆ ಅಲ್ಲಿ ಬೇಯ್ತಾ ಕೂತಿದ್ದೀಯ, ನಮ್ಮ ಕೊಟ್ಟಿಗೆ ಪಕ್ಕ ಗಾಡಿ ನಿಲ್ಸ್ಕೋ, ನನ್ನ ಗಂಡ ಕೈ ಹಿಡಿದು ಇಳಿಸ್ತಾನೆ, ಅಂದಳು, ನಿನ್ನ ಗಂಡ ಕೈ ಹಿಡಿದ್ರೆ ಬಿಡಲ್ಲ ಕಣೇ, ಅದಕ್ಕೇ ಬರಲ್ಲ, ಅಂದೆ, ನಕ್ಕಳು, ನಾನೂ ನಕ್ಕೆ, ಫೋನ್ ಇಟ್ಟ ಮೇಲೆ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು, ತೆಗೆಯುವುದಕ್ಕೆ ಯಾರೂ ಇಲ್ಲದಿದ್ದರೆ ನಗು ಹಾಗೆಯೇ ಇರುತ್ತದೆ. ರಾತ್ರಿ ಹಾರ್ಲನ್ ಗಾಡಿಯಲ್ಲಿ ಮಲಗಿದ್ದೆ, ಅವನ ಮೇಜಿನ ಬೆಂಚಿನ ಮೇಲೆ, ಅವನ ನಾಯಿ ನನ್ನ ಕಾಲ ಮೇಲೆ, ಒಳ್ಳೆಯ ಮನುಷ್ಯ, ಗೊರಕೆ ಹೊಡೆಯುತ್ತಾನೆ, ಮಾತಾಡುತ್ತಾನೆ, ಗೊರಕೆಯ ನಡುವೆಯೂ ಮಾತಾಡುತ್ತಾನೆ.

ಹೆಜ್ಜೆ ನಿಂತಿತು, ಏಣಿ ಕಿರ್ ಎಂದಿತು, ರಿಪೇರಿಯ ಎಫ್ರೇನ್ ಬಾಗಿಲಿಗೆ ಬಂದು ಟೋಪಿ ತೆಗೆದ, ಹಣೆಯ ಮೇಲೆ ಟೋಪಿಯ ಗೆರೆ ಕೆಂಪಗೆ. ಕೆಪಾಸಿಟರ್ ಊದ್ಕೊಂಡಿದೆ ಮೇಡಂ, ಅದೊಂದು ಬದಲಾಯಿಸಿದ್ರೆ ಓಡುತ್ತೆ, ಆದ್ರೆ ನಾನು ನಿಮಗೆ ಸುಳ್ಳು ಹೇಳಲ್ಲ, ಒಳಗೆ ಕಾಯಿಲ್ ಎಲ್ಲಾ ತಿಂದುಹೋಗಿದೆ, ಕಂಪ್ರೆಸರ್‌ಗೂ ವಯಸ್ಸಾಗಿದೆ, ಜುಲೈನಲ್ಲಿ ಕೈ ಕೊಟ್ರೆ ಆಗ ನಾನು ಇರಲ್ಲ, ಯಾರೂ ಇರಲ್ಲ, ಅಂದ. ಹಿಂದಿನಿಂದ ಹಾರ್ಲನ್, ಜುಲೈ ಏನು, ಜೂನೇ ದಾಟಲ್ಲ ಅದು, ಅಂದ. ಎಫ್ರೇನ್‌ನ ವ್ಯಾನಿನಲ್ಲಿ ಹೊಸದೊಂದು ಇದೆಯಂತೆ, ಯಾರೋ ಹೇಳಿ ತರಿಸಿ ಆಮೇಲೆ ಬೇಡ ಅಂದದ್ದು, ಈಗಲೇ ಕೂರಿಸುತ್ತಾನಂತೆ, ಇಲ್ಲದಿದ್ದರೆ ದಾರಿಯಲ್ಲಿ ಇನ್ನೊಬ್ಬರಿಗೆ ಕೊಟ್ಟು ತಂಗಿಯ ಮದುವೆಗೆ ಗಡಿ ದಾಟಿ ಹೋಗುತ್ತಾನೆ. ನೀವು ಹೇಳಿದ ಹಾಗೆ ಮೇಡಂ. ದುಡ್ಡಿನ ಮಾತಲ್ಲ, ದುಡ್ಡಿದೆ, ಗಂಡ ಓರಿನ್ ಸತ್ತ ಮೇಲೆ ಖರ್ಚಾದರೂ ಏನಿದೆ ನನಗೆ. ಹೊಸದು ಹೇಗಪ್ಪ, ಅಂದೆ. ಅಯ್ಯೋ, ಸದ್ದೇ ಇಲ್ಲ ಮೇಡಂ, ಓಡ್ತಿದೆ ಅಂತಾನೇ ಗೊತ್ತಾಗಲ್ಲ, ಹಳೇದರ ಥರ ಧಡ್ ಅಂತ ಶುರುವಾಗೋದು, ಧಡ್ ಅಂತ ನಿಲ್ಲೋದು ಇಲ್ಲ, ಒಂದೇ ಸಮ, ಸಣ್ಣಗೆ, ಇಡೀ ದಿನ, ನಿಲ್ಲೋದೇ ಇಲ್ಲ. ನಿಲ್ಲೋದೇ ಇಲ್ವಾ, ಅಂದೆ. ನಿಲ್ಲೋದೇ ಇಲ್ಲ, ಅಂದ, ಸಂತೋಷದ ಸುದ್ದಿ ಕೊಡುವವನ ಹಾಗೆ. ಸ್ವಲ್ಪ ಯೋಚನೆ ಮಾಡ್ತೀನಿ, ಅಂದೆ. ಹಾರ್ಲನ್ ಬಾಯಿ ತೆರೆದ, ನಾನು ನೋಡಿದೆ, ಮುಚ್ಚಿದ.

ಇವರಿಗೆ ಹೇಗೆ ಹೇಳುವುದು, ನಿಲ್ಲುವುದೇ ಬೇಕು ನನಗೆ, ನಿಲ್ಲುವುದಕ್ಕೇ ಇಷ್ಟು ವರ್ಷ ಆ ಗೂನು ಕತ್ತೆಯನ್ನು ತಲೆಯ ಮೇಲೆ ಹೊತ್ತದ್ದು ಎಂದು. ಇಂಥ ಗಾಡಿಯಲ್ಲಿ ಸಂಸಾರ ಮಾಡಿದವರಿಗೆ ಮಾತ್ರ ಗೊತ್ತು, ಎಸಿ ಓಡುವಾಗ ಗಂಡ ಹೆಂಡತಿ ಮಾತಾಡಲಾಗುವುದಿಲ್ಲ, ಮೊದಲ ವರ್ಷ ಕೂಗುತ್ತಾರೆ, ಏನು, ಏನಂದೆ, ಏನೂ ಇಲ್ಲ ಬಿಡು, ಎರಡನೆಯ ವರ್ಷದಿಂದ ಕಾಯುವುದು ಕಲಿಯುತ್ತಾರೆ. ಧಡ್ ಎಂದು ನಿಂತ ತಕ್ಷಣ ಒಂದು ನಿಶ್ಶಬ್ದ ಬರುತ್ತದಲ್ಲ, ಅದಕ್ಕೆ ನಾವು ಬಿಡುವು ಎನ್ನುತ್ತಿದ್ದೆವು, ಬಿಡುವಲ್ಲಿ ಹೇಳ್ತೀನಿ, ಎನ್ನುತ್ತಿದ್ದ ಓರಿನ್, ಬಾಯಿ ಆಡಿಸಿ ಅಷ್ಟೇ, ಸದ್ದಿಲ್ಲದೆ. ಜಗಳವೂ ಕಂತಿನಲ್ಲಿ, ನಿನ್ನ ಅಕ್ಕ ಇದ್ದಾಳಲ್ಲ — ಧಡ್, ಎಸಿ ಶುರು, ಇಬ್ಬರೂ ಮುಖ ಊದಿಸಿಕೊಂಡು ಜೋಳದ ಬ್ರೆಡ್ಡು ತಿನ್ನುತ್ತಾ ಕೂರುವುದು, ಅದು ನಿಲ್ಲುವಷ್ಟರಲ್ಲಿ ಅಕ್ಕ ಏನು ಮಾಡಿದ್ದಳು ಎಂಬುದೇ ಮರೆತಿರುತ್ತಿತ್ತು, ಅದರಿಂದಲೇ ನಮ್ಮ ಮದುವೆ ಉಳಿಯಿತು ಎಂದು ಎಲ್ಲರ ಎದುರಿಗೂ ಹೇಳುತ್ತಿದ್ದ. ಜುಲೈ ಮಧ್ಯಾಹ್ನ ಬಿಡುವೇ ಇರುತ್ತಿರಲಿಲ್ಲ, ಮಾತೆಲ್ಲ ಸಂಜೆಗೆ ಕೂಡಿಡಬೇಕು. ಡಾಕ್ಟರ ಹತ್ತಿರ ಹೋಗಿ ಬಂದ ದಿನ, ಒಳಗೆ ಬಂದ, ಟೋಪಿ ಮೊಳೆಗೆ ಹಾಕಿದ, ಏನಂದ್ರು, ಅಂದೆ, ಧಡ್, ಶುರುವಾಯಿತು, ಆರಿಸಿಬಿಡಬಹುದಿತ್ತು, ಗೋಡೆಯ ಗುಂಡಿ ನನ್ನ ಕೈಗೆ ಎಟಕುವಲ್ಲೇ ಇತ್ತು, ಇಬ್ಬರೂ ಆರಿಸಲಿಲ್ಲ, ಎದುರುಬದುರು ಕೂತು ಬೀನ್ಸ್ ತಿಂದೆವು, ನಾನು ಅವನ ತಟ್ಟೆಗೆ ಉಪ್ಪು ಹಾಕಿದೆ, ಅವನು ನನ್ನ ಲೋಟಕ್ಕೆ ಟೀ ಹಾಕಿದ, ಇಷ್ಟು ಹೊತ್ತು ಅದು ಯಾವತ್ತೂ ಓಡಿರಲಿಲ್ಲ, ಓಡಲಿ, ಓಡಲಿ, ಎನ್ನುತ್ತಿದ್ದೆ ಒಳಗೊಳಗೆ, ನಿಂತಿತು. ಎದೆ ನಾಳ ಮುಚ್ಕೊಂಡಿದ್ಯಂತೆ ಮುದುಕಿ, ಅಂದ.

ಆಮೇಲೆ ಆ ದಿನ, ಬೆಳಿಗ್ಗೆಯೇ ಸೆಕೆ, ಕೊಳೆನೀರಿನ ಟ್ಯಾಂಕು ಖಾಲಿ ಮಾಡಲು ಹೊರಟವನು ಬಾಗಿಲಲ್ಲಿ ನಿಂತು ವೆಲ್ಡಾ, ಅಂದ, ವೆಲ್ಡಾ, ಆ — ಧಡ್. ಕೈ ಬೀಸಿದ, ಆಮೇಲೆ, ಎಂದು. ನಾನು ತಲೆ ಕೂಡ ಪೂರ್ತಿ ಎತ್ತಿರಲಿಲ್ಲ, ಕೈಯಲ್ಲಿ ಗುಂಡಿ ಹೊಲಿಯುವ ಅಂಗಿ. ನಲ್ಲಿಯ ಹತ್ತಿರ ಬಿದ್ದಿದ್ದ, ಪೈಪಿನ ನೀರು ಜಲ್ಲಿಯ ಮೇಲೆ ಸುಮ್ಮನೆ ಹರಿಯುತ್ತಿತ್ತಂತೆ. ಅಂದಿನಿಂದ ಅದು ಧಡ್ ಎಂದು ನಿಂತಾಗಲೆಲ್ಲ ನಾನೂ ನಿಲ್ಲುತ್ತೇನೆ, ಚಮಚ ಕೈಯಲ್ಲಿದ್ದರೆ ಚಮಚ ಹಾಗೇ, ಆ, ಆ ಏನು, ಆ ಪೈಪು ತೂತಾಗಿದೆಯಾ, ಆ ಹಾರ್ಲನ್‌ಗೆ ಕೊಟ್ಟ ಗರಗಸ ವಾಪಸ್ ತಗೋ ಅಂತಲಾ, ಆ ನಾವು ಮೊದಲ ಸಲ ಕಡಲು ನೋಡಿದ ಊರಿನ ಹೆಸರೇನೆ ಅಂತಲಾ, ದಿನಕ್ಕೊಂದು ಮಾಡಿಕೊಳ್ಳುತ್ತೇನೆ, ಅಷ್ಟರಲ್ಲಿ ಧಡ್, ಶುರುವಾಗುತ್ತದೆ, ಸರಿ, ನಾಳೆ ಹೇಳು, ಎಂದುಕೊಂಡು ಪಾತ್ರೆ ತೊಳೆಯುತ್ತೇನೆ. ಹುಚ್ಚಲ್ಲ, ಅಭ್ಯಾಸ. ಈಗ ಇವನು ನಿಲ್ಲುವುದೇ ಇಲ್ಲದ ಒಂದು ಯಂತ್ರ ತಂದಿದ್ದಾನೆ, ಸಣ್ಣಗೆ, ಒಂದೇ ಸಮ, ಅದರಲ್ಲಿ ಬಿಡುವು ಎಲ್ಲಿಂದ ತರುವುದು. ರಿಪೇರಿ ಮಾಡಿಸಿದರೆ ಈ ಬೇಸಿಗೆ ಸಿಗಬಹುದು, ಅರ್ಧ ಬೇಸಿಗೆಯಾದರೂ, ಅರ್ಧದಲ್ಲಿ ಕೈ ಕೊಟ್ಟರೆ ಈ ಡಬ್ಬಿಯಲ್ಲಿ ಬೆಳಗಾಗುವುದರೊಳಗೆ ನಾನೂ ಸಾಯಬಹುದು, ಹಿಂದಿನ ವರ್ಷ ಆ ಕೊನೆಯ ಸಾಲಿನ ಹೆಂಗಸು ಹಾಗೇ ಹೋದಳು, ನನ್ನ ವಯಸ್ಸೇ, ಬಾಗಿಲು ಒಳಗಿನಿಂದ ಚಿಲಕ. ಹೋದರೆ ಹೋದೆ ಎನ್ನುವುದಕ್ಕೂ ಬಾಯಿ ಬರುವುದಿಲ್ಲ, ನನಗೆ ಬದುಕುವುದು ಇಷ್ಟ, ಸುಳ್ಳು ಯಾಕೆ ಹೇಳಲಿ, ಬೆಳಿಗ್ಗೆಯ ಕಾಫಿ ಇಷ್ಟ, ಡೋರೀನ್ ಗಂಡನನ್ನು ಬೈಯುವುದು ಇಷ್ಟ.

ರಿಪೇರಿಯೇ ಮಾಡಪ್ಪ, ಅಂದೆ ಕಿಟಕಿಯಿಂದ. ಹಾರ್ಲನ್ ಆಕಾಶ ನೋಡಿದ. ಅಲ್ಲಾ ವೆಲ್ಡಾ, ನಿನಗೆ ತಲೆ ಇದ್ಯಾ, ಅಂದ. ಇದೆ, ಅದಕ್ಕೇ ಅದರ ಮೇಲೆ ಎಸಿ ಇಟ್ಟಿರೋದು, ಅಂದೆ. ಎಫ್ರೇನ್ ಹೊಸ ಕೆಪಾಸಿಟರ್ ಹಿಡಿದು ಹತ್ತಿದ, ಧಡ್ ಧಡ್, ಬೋಲ್ಟು ಬಿಚ್ಚುವ ಸದ್ದು, ಮೇಲಿನಿಂದಲೇ, ಹಾಕಿ ಮೇಡಂ ಈಗ, ಹಾಕಿದೆ, ಊಂ, ಊಂ, ಎದ್ದೇಳು ಕತ್ತೆ, ಎದ್ದಿತು, ಧಡ್, ಇಡೀ ಗಾಡಿ ನಡುಗಿತು, ಮೇಜಿನ ಮೇಲಿನ ಚಮಚ ಲೋಟಕ್ಕೆ ತಾಗಿ ಗಿಣಿಗಿಣಿ, ನೆತ್ತಿಯ ಮೇಲೆ ಮೊದಲು ಬಿಸಿ ಗಾಳಿ, ಆಮೇಲೆ ಕಡಿಮೆ ಬಿಸಿ, ಆಮೇಲೆ ತಂಪು, ಕಣ್ಣು ಮುಚ್ಚಿದೆ. ಸಾಕು, ಆರಿಸಿ ಮೇಡಂ, ಒಂದ್ಸಲ ನೋಡ್ತೀನಿ. ಆರಿಸಿದೆ. ಬಿಡುವು. ಜಲ್ಲಿಯ ಮೇಲೆ ಎಲ್ಲೋ ಒಂದು ಹಕ್ಕಿ, ಕಂಬದಲ್ಲಿ ಕರೆಂಟಿನ ಜುಂಯ್, ಹೇಳು ಓರಿನ್, ವೆಲ್ಡಾ, ಆ — ಆಗ ಹಾರ್ಲನ್, ಕಿಟಕಿಗೆ ಮುಖ ತಂದು, ವೆಲ್ಡಾ, ಆ ನಾಲ್ಕು ಬೋಲ್ಟನ್ನ ನಿನ್ನ ಗಂಡ ಯಾವ ಪರಿ ಬಿಗಿದಿದ್ದಾನೆ ನೋಡು, ಅಡಿಯ ರಬ್ಬರ್ ಅಪ್ಪಚ್ಚಿಯಾಗಿದೆ, ಅದಕ್ಕೇ ಮಳೆ ಬಂದ್ರೆ ನಿನ್ನ ಹಾಸಿಗೆ ಮೇಲೆ ಸೋರೋದು, ನಾನು ಅವತ್ತೇ ಹೇಳಿದ್ದೆ, ಸಾಕು ಮಾರಾಯ ಅಂತ, ಕೇಳಿದ್ನಾ. ಸುಮ್ನಿರು ಹಾರ್ಲನ್, ಅಂದೆ, ಗಟ್ಟಿಯಾಗಿಯೇ ಅಂದೆ, ಬಾಯಿ ಮುಚ್ಚು ಒಂದು ನಿಮಿಷ, ದೇವರಾಣೆ. ಮುಚ್ಚಿದ, ನಾಯಿ ಹೋಗಿ ಅವನ ಕಾಲ ಹಿಂದೆ ನಿಂತಿತು. ನಾನು ಕಣ್ಣು ಮುಚ್ಚಿದೆ, ವೆಲ್ಡಾ, ಆ, ಮತ್ತೆ, ವೆಲ್ಡಾ, ಆ, ಬಂತು, ಸ್ಪಷ್ಟವಾಗಿ ಬಂತು, ಆದರೆ ಒಡಕು ದನಿ, ಕೊನೆಯಲ್ಲಿ ಮೂಗಿಗೆ ಏರುವ ದನಿ, ಹಾರ್ಲನ್‌ನ ದನಿ. ಇನ್ನೊಮ್ಮೆ. ಹಾರ್ಲನ್‌ನದೇ. ಎದೆ ನಾಳ ಮುಚ್ಕೊಂಡಿದ್ಯಂತೆ ಮುದುಕಿ, ಅದೂ ಹಾರ್ಲನ್. ಬಿಡುವಲ್ಲಿ ಹೇಳ್ತೀನಿ, ಹಾರ್ಲನ್. ಯಾವಾಗಿನಿಂದ ಹೀಗೆ, ಇಷ್ಟು ದಿನ ಪ್ರತಿ ಬಿಡುವಿನಲ್ಲೂ ನಾನು ಕಾದದ್ದು ಈ ಜಲ್ಲಿಯ ಮೇಲೆ ನಿಂತ, ಗರಗಸ ವಾಪಸ್ ಕೊಡದವನ ಗಂಟಲಿಗಾ, ನನ್ನ ಜೊತೆ ಬಾಯಿ ಬಿಡುವ ಗಂಡಸು ಅವನೊಬ್ಬನೇ ತಾನೆ, ಓರಿನ್‌ನ ದನಿ ಖಾಲಿಯಾದ ಜಾಗಕ್ಕೆ ಅವನದು ಬಂದು ಕೂತಿದೆ, ಯಾರನ್ನೂ ಕೇಳದೆ. ಬೈಯುವುದಕ್ಕೂ ಆಗುವುದಿಲ್ಲ. ಹೊಸದು ಹಾಕು ಎಫ್ರೇನ್, ಅಂದೆ, ಈ ಕತ್ತೆ ತೆಗಿ.

ಹಗ್ಗ ಕಟ್ಟಿದರು, ಮೇಲೆ ಎಫ್ರೇನ್, ಏಣಿಯ ನಡುವೆ ಹಾರ್ಲನ್, ನಿಧಾನ, ನಿಧಾನ, ನನ್ನ ಬೆರಳು ಅದರ ಅಡಿಯಲ್ಲಿದೆ, ನಿನ್ನ ಗಡಿಯಾರ ಆಮೇಲೆ ನೋಡ್ಕೋ, ಎಂದು ಹಾರ್ಲನ್ ಬೈಯುತ್ತಿದ್ದಾನೆ, ಮುದಿ ರಬ್ಬರ್ ಚಾವಣಿಯಿಂದ ಬಿಡುವಾಗ ಗಾಯದ ಪಟ್ಟಿ ಕಿತ್ತ ಹಾಗೆ ಒಂದು ಸದ್ದು, ಮರದ ಪುಡಿ ಉದುರಿತು, ನಾನು ಹಾಸಿಗೆಯ ಮೇಲಿನ ದುಪ್ಪಟಿ ತೆಗೆಯಲು ಬಂದವಳು ಅಲ್ಲೇ ಕೂತೆ, ಆಮೇಲೆ ಒರಗಿದೆ, ಆಮೇಲೆ ಮಲಗಿಯೇಬಿಟ್ಟೆ, ಮೇಲೆ ನೋಡಿದರೆ ಚಾವಣಿಯಲ್ಲಿ ಒಂದು ಚೌಕ, ಕಿಟಕಿಯ ಹಾಗಲ್ಲ, ಕಿಟಕಿಗೆ ಗಾಜಿರುತ್ತದೆ, ಬರೀ ತೂತು, ಅದರ ತುಂಬ ನೀಲಿ. ಇದನ್ನು ನೋಡಿದ್ದೇನೆ. ಎಷ್ಟು ವರ್ಷದಿಂದ ನೆನಪಾಗಿಯೇ ಇರಲಿಲ್ಲ. ಆ ಕತ್ತೆಯನ್ನು ಓರಿನ್ ತಂದು ಕೂರಿಸಿದ ದಿನ ನಾನು ಹೀಗೇ ಮಲಗಿದ್ದೆ, ಬೆನ್ನು ನೋವೆಂದು, ಮೇಲೆ ಇದೇ ಚೌಕ, ಇದೇ ನೀಲಿ, ಅದರೊಳಗಿನಿಂದ ತಲೆಕೆಳಗಾಗಿ ಅವನ ಮುಖ ಇಳಿಯಿತು, ರಕ್ತವೆಲ್ಲ ಕೆನ್ನೆಗೆ ನುಗ್ಗಿ ಟೊಮೇಟೊ ಹಣ್ಣಾದ ಮುಖ, ಕನ್ನಡಕ ಹಣೆಗೆ ಜಾರಿ, ಬೆರಳಿನಿಂದ ಅಂಚು ತಟ್ಟಿ, ಮನೇಲಿ ಯಾರಿದ್ದೀರಿ, ಅಂದ. ಆಗ ಯಾವ ಯಂತ್ರವೂ ಓಡುತ್ತಿರಲಿಲ್ಲ. ಪೂರ್ತಿ ಕೇಳಿಸಿತ್ತು. ಈಗ ಮುಖ ಕಾಣುತ್ತದೆ, ಬಾಯಿ ಆಡುತ್ತದೆ, ಮಾತೂ ಗೊತ್ತು, ದನಿ ಇಲ್ಲ, ಅವನದೂ ಇಲ್ಲ, ಹಾರ್ಲನ್‌ನದೂ ಇಲ್ಲ. ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದು, ಎರಡೇ ನಿಮಿಷ ಮೇಡಂ, ಬಂದ್ವಿ, ಅಂದ ಎಫ್ರೇನ್. ಬನ್ನಿ, ಅಂದೆ. ಇದ್ದೀನಿ, ಅಂದೆ, ಯಾರಿಗೆ ಅಂದೆನೋ. ಬಿಸಿಲು ಚೌಕವಾಗಿ ಹೊಟ್ಟೆಯ ಮೇಲೆ ಬಿದ್ದಿದೆ, ಮೇಲೆ ಚೌಕ, ಅಂಚಿಗೆ ಮುರಿದ ಮರ, ನಡುವೆ ನೀಲಿ, ಯಾರೂ ಬಗ್ಗುತ್ತಿಲ್ಲ, ಚೌಕ, ನೀಲಿ, ಚೌಕ