ಕೌದಿ ಹೊದ್ದ ಟ್ರೇಲರು

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ಊರಿನ ಗಾದೆ. ಕಡಲಾಚೆಯ ಬೋಲ್ಟನ್ನಿನ ಚಳಿಗೆ ಬಂದ ಮೇಲೆ ಅದು 'ಕೌದಿ ಇದ್ದಷ್ಟು ಗೋಡೆ ಮುಚ್ಚು' ಎಂದಾಯಿತು. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ಆ ಟ್ರೇಲರು ಇವತ್ತಿಗೂ ನಿಜಗುಣನ ಮನೆ ಮುಂದೆ ನಿಂತಿದೆ, ಅನುಮಾನವಿದ್ದವರು ಹೋಗಿ ತಟ್ಟಿ ನೋಡಬಹುದು.

ಹುಬ್ಬಳ್ಳಿಯ ನಿಜಗುಣ ಬೋಲ್ಟನ್ನಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಮಗಳು ಅಕ್ಷರಾ ಹಸುಗೂಸನ್ನೆತ್ತಿಕೊಂಡು ಕ್ರಿಸ್‌ಮಸ್ ರಜೆಗೆ ಕ್ಯಾಲ್ಗರಿಯಿಂದ ಬರುವವಳಿದ್ದಳು. ಇದ್ದ ಒಂದೇ ಬೆಚ್ಚನೆಯ ಕೋಣೆ ಅವಳಿಗೆ. ತಾನೂ ಹೆಂಡತಿ ಜಯಶೀಲಾಳೂ ಮನೆ ಮುಂದಿನ ಡ್ರೈವ್‌ವೇಯಲ್ಲಿದ್ದ ಹಳೆಯ ಟ್ರಾವೆಲ್ ಟ್ರೇಲರಿನಲ್ಲಿ ಮಲಗುವುದು ಎಂದು ಅವನು ತೀರ್ಮಾನಿಸಿದ. ಬೇಸಿಗೆಯಲ್ಲಿ ಕಾರಿಗೆ ಕಟ್ಟಿ ಕ್ಯಾಂಪಿಂಗಿಗೆ ಎಳೆದೊಯ್ಯುವ ಆ ತಗಡಿನ ಡಬ್ಬಿಯನ್ನು ಚಳಿಗಾಲಕ್ಕೆ ಹೇಗೆ ಬೆಚ್ಚಗಿಡುವುದೆಂದು ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿದ.

ಭಾಸ್ಕರನ ನಾಲಿಗೆ ತುರಿಸಿದ್ದು ಆಗಲೇ.

ಮೈಸೂರಿನ ಭಾಸ್ಕರ ಅಲ್ಲೇ ಹತ್ತಿರದ ಪೋರ್ಟ್ ಕ್ರೆಡಿಟ್ಟಿನ ವಾಸಿ; ಚಳಿ ನುಗ್ಗದಂತೆ ಕಟ್ಟಡಗಳ ಗೋಡೆ ರೂಪಿಸುವ ಎಂಜಿನಿಯರ್. ಆದರೆ ಸಂಘದಲ್ಲಿ ಅವನ ಹೆಸರು ಓಡಿದ್ದು ಬೇರೆ ವಿದ್ಯೆಯಿಂದ. ಯಾರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳುತ್ತಿದ್ದ. ಬೆಳಗಾವಿಯ ಹಿರಿಯರಾದ ವೀರಭದ್ರಪ್ಪನವರ ದನಿ ತೆಗೆದರೆ ಅವರ ಹೆಂಡತಿಯೇ ಒಳಗಿನಿಂದ 'ಬಂದೆ' ಅನ್ನಬೇಕು, ಹಾಗೆ. ನಂಬರು ಮರೆಮಾಡಿ ಫೋನು ಹಚ್ಚಿದ. ಮೊದಲು ಎರಡು ಕೆಮ್ಮು, ಆಮೇಲೆ ಮಾತು.

“ತಮ್ಮಾ ನಿಜಗುಣ, ನಾ ವೀರಭದ್ರಪ್ಪ. ಚಳಿಗಂತ ಆ ಫೋಮು ಗೀಮು ತರಬ್ಯಾಡ. ಮನ್ಯಾಗ ಕೌದಿ ಅದಾವಿಲ್ಲೋ? ನೇರ ಗ್ವಾಡಿಗೆ ಬಡಿ. ಮ್ಯಾಲಿನ ಗಾಳಿ ಕಿಂಡಿನೂ ಮುಚ್ಚು. ಒಂದು ಬೆರಳು ಸಂದೂ ಬಿಡಬ್ಯಾಡ. ತಿಳೀತಿಲ್ಲೋ?”

“ತಿಳೀತ್ರಿ ಅಜ್ಜಾರ.” ಎದ್ದು ನಿಂತು ಹೇಳಿದಂತಿತ್ತು ನಿಜಗುಣನ ದನಿ. ಫೋನಿಟ್ಟ ಭಾಸ್ಕರ ಒಬ್ಬನೇ ಬಿದ್ದು ಬಿದ್ದು ನಕ್ಕ.

ಶನಿವಾರದ ಸಂಘದೂಟದಲ್ಲಿ ಎಲ್ಲರೆದುರು ಗುಟ್ಟು ಬಿಡಬೇಕೆಂದು ಭಾಸ್ಕರ ಅಂದುಕೊಂಡಿದ್ದ. ಹಿಮ ಸುರಿದು ಊಟ ರದ್ದಾಯಿತು. ಕೆಲಸದ ಗಡಿಬಿಡಿಯಲ್ಲಿ ತಮಾಷೆ ಮರೆತೇ ಹೋಯಿತು. ಟ್ರೇಲರಿಗೇ ಇಷ್ಟು ನಕ್ಕವನು ಪೂರ್ತಿ ಚಿತ್ರ ಇನ್ನೂ ನೋಡಿರಲಿಲ್ಲ.

ಒಂದು ಬೆಳಿಗ್ಗೆ ನಿಜಗುಣನೇ ಫೋನು ಮಾಡಿದ. “ಸರ, ನೀವು ಎಂಜಿನಿಯರ್ ಅದೀರಿ. ಒಂದ್ ಸಲ ಬಂದು ನೋಡ್ರಿ. ನಾಳೆ ಅಕ್ಷರಾ ಬರತಾಳ.”

ಟ್ರೇಲರಿನ ಬಾಗಿಲು ತೆಗೆದ ಭಾಸ್ಕರ ಹೊಸ್ತಿಲಲ್ಲೇ ನಿಂತ. ಗೋಡೆ ತುಂಬ ಹಳೆ ಸೀರೆ ಪದರಿಸಿ ಹೊಲಿದ ಕೌದಿಗಳು, ಅವುಗಳ ಬಣ್ಣದ ಮೇಲೆಲ್ಲ ಬಿಳಿ ಮಂಜು. ಗಂಡ ಹೆಂಡತಿ ಇಬ್ಬರೂ ಅಲ್ಲಿ ಮಲಗಿ ಪರೀಕ್ಷೆ ಮಾಡಿದ್ದರಂತೆ. ಅವರ ಉಸಿರು, ಚಹಾದ ಹಬೆ ಎಲ್ಲವೂ ಹೊರಹೋಗಲು ಕಿಂಡಿಯಿಲ್ಲದೆ ತಣ್ಣನೆಯ ಗೋಡೆಗೆ ತಾಗಿ ನೀರಾಗಿ, ಕೌದಿಗಿಳಿದು ಹೆಪ್ಪುಗಟ್ಟಿತ್ತು. ಆಫೀಸಿನಲ್ಲಿ ಹೊಸಬರಿಗೆ ಅವನು ಹೇಳಿಕೊಡುವ ಮೊದಲ ಪಾಠವೇ ಇದು.

ಜಯಶೀಲಾ ಮೂಲೆಯಲ್ಲಿ ಕೂತು, ಗೋಡೆಗೆ ಕಚ್ಚಿಕೊಂಡಿದ್ದ ಪುಟ್ಟ ಕೌದಿಯೊಂದಕ್ಕೆ ಹೇರ್‌ಡ್ರೈಯರ್ ಹಿಡಿದಿದ್ದಳು.

“ಇದು ಕೂಸಿಂದ್ರಿ,” ಎಂದಳು. “ಕೌದಿ ಹೊಟ್ಟಿ ಖಾಲಿ ಇರಬಾರದಂತ ನಡುವ ಹೋಳಿಗಿ ತುಣುಕು ಇಟ್ಟು ಹೊಲಿಗಿ ಮುಚ್ಚಿದ್ದೆ.”

“ಅದನ್ನ ಯಾಕಮ್ಮ ಗೋಡೆಗೆ ಹಾಕಿದ್ರಿ?”

“ಎಲ್ಲಾ ಹಚ್ಚಿದ ಮ್ಯಾಲ ಈ ಮೂಲಿ ಒಂದು ಉಳೀತ್ರಿ ಸರ,” ಎಂದ ನಿಜಗುಣ. “ಬೆರಳು ಸಂದೂ ಬಿಡಬ್ಯಾಡ ಅಂದಿದ್ರಲ್ಲ ವೀರಭದ್ರಪ್ಪಜ್ಜಾರು.”

ಬೆರಳು ಸಂದು. ಮಾತಿಗೊಂದು ಲಯವಿರಲಿ ಎಂದು ಭಾಸ್ಕರ ಸೇರಿಸಿದ್ದ ಒಗ್ಗರಣೆ ಅದು. ಆ ಒಗ್ಗರಣೆಗೇ ಕೂಸಿನ ಕೌದಿ ಹೋಗಿತ್ತು.

“ನಾವ ಏನೋ ತಪ್ಪು ಹಚ್ಚೇವಿ,” ನಿಜಗುಣ ದನಿ ತಗ್ಗಿಸಿದ. “ಅಜ್ಜಾರಿಗೆ ಹೇಳಬ್ಯಾಡ್ರಿ ಮತ್ತ. ಪಾಪ, ಮನಸಿಗೆ ಹಚ್ಕೊಂಡಾರು.”

ಬೈದಿದ್ದರೆ ಭಾಸ್ಕರ ತಡೆದುಕೊಳ್ಳುತ್ತಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ, ನಿಜಗುಣನಿಗೆ ಕಂಡದ್ದು ನಂಬರಿಲ್ಲದ ಫೋನು. ಬಾಯಿ ತೆರೆದ. ಊರ ದನಿಗಳನ್ನೆಲ್ಲ ಇಟ್ಟುಕೊಂಡ ಗಂಟಲಿಗೆ ತನ್ನ ದನಿಯೇ ಸಿಗಲಿಲ್ಲ. ಹೊರಬಿದ್ದದ್ದು ಎರಡು ಕೆಮ್ಮು, ಅಂದು ಫೋನಿನಲ್ಲಿ ಕೆಮ್ಮಿದ್ದ ಅವೇ.

ನಿಜಗುಣ ತಟ್ಟನೆ ತಿರುಗಿದ.

“ಆ ಫೋನ್ ಮಾಡಿದ್ದು ನಾನೇ ಕಣ್ರೀ,” ಎಂದ ಭಾಸ್ಕರ. “ತಮಾಷೆಗೆ. ಹೀಗಾಗುತ್ತೆ ಅಂತ ಗೊತ್ತಿದ್ದೂ ಹೇಳಿದೆ. ಈಗ್ಲೇ ಫೋಮ್ ಹಲಗೆ ತರ್ತೀನಿ, ಅಕ್ಷರಾ ಬರೋದ್ರೊಳಗೆ ನಾನೇ ಎಲ್ಲಾ ಸರಿಮಾಡ್ತೀನಿ...”

ಹೇರ್‌ಡ್ರೈಯರ್ ನಿಂತಿತು. ಜಯಶೀಲಾ ಅವನ ಮುಖ ನೋಡಲಿಲ್ಲ, ಕೌದಿಯನ್ನೇ ನೋಡಿದಳು. ಭಾಸ್ಕರನ ಎರಡೂ ಕಿವಿಗಳು ಉರಿದವು. ಆ ಮಂಜಿನ ಡಬ್ಬಿಯಲ್ಲಿ ಬೆಚ್ಚಗಿದ್ದದ್ದು ಅವೆರಡೇ.

ಅಷ್ಟರಲ್ಲಿ ಪುಟ್ಟ ಕೌದಿ ಗೋಡೆ ಬಿಟ್ಟು ಕಳಚಿತು. ಮಡಚಿಕೊಂಡು ಬೀಳಲಿಲ್ಲ, ಹಪ್ಪಳದಂತೆ ಸೆಟೆದು ಬೆಂಚಿಗೊರಗಿ ನಿಂತುಬಿಟ್ಟಿತು. ನಿಜಗುಣ ಅದನ್ನೆತ್ತಿ, ನಡುವೆ ಹೋಳಿಗೆಯಿದ್ದ ಉಬ್ಬನ್ನು ಬೆರಳಿನಿಂದ ಬಡಿದ. ಟಕ್ ಟಕ್.

“ತಪ್ಪು ನಿಮ್ಮದಲ್ರಿ ಸರ, ಇಕೀದು,” ಎಂದ. “ಹೋಳಿಗಿ ತಿನ್ನಿಸ್ಯಾಳ, ಮ್ಯಾಲ ನೀರು ಕುಡಿಸೂದು ಮರ್ತಾಳ. ಪಾಪ, ಗ್ವಾಡಿ ನೆಕ್ಕಿ ಕುಡದೈತಿ!”

ನಕ್ಕ. ಟ್ರೇಲರಿನ ಸ್ಪ್ರಿಂಗುಗಳು ಕಿರುಗುಟ್ಟುವಂತೆ ನಕ್ಕ. “ಸಾಕು ಬಿಡ್ರಿ” ಎನ್ನುತ್ತಲೇ ಜಯಶೀಲಾಳೂ ಸೆರಗು ಬಾಯಿಗೊತ್ತಿಕೊಂಡಳು.

“ಸರ, ಇನ್ನೊಮ್ಮೆ ಅಜ್ಜಾರ ಆಗ್ರಿ! ಕೆಮ್ಮಿಂದ ಚಾಲೂ ಮಾಡ್ರಿ!”

ಭಾಸ್ಕರನಿಗೆ ಕೆಮ್ಮೂ ಬರಲಿಲ್ಲ, ನಗೆಯೂ ಬರಲಿಲ್ಲ. ಬೆಂಚು ಹತ್ತಿ, ಮೇಲಿನ ಕಿಂಡಿಗೆ ತುರುಕಿದ್ದ ಬಟ್ಟೆಯನ್ನು ಎಳೆಯತೊಡಗಿದ. ಮಂಜಿನ ಚೂರುಗಳು ಅವನ ಕೊರಳಪಟ್ಟಿಯೊಳಗೆ ಸುರಿದವು. ಕಿಂಡಿ ಬಿಚ್ಚಿಕೊಂಡದ್ದೇ ತಡ, ನಿಜಗುಣನ ನಗೆ ಅದರಿಂದ ಹೊರಬಿದ್ದು ಬೀದಿಗೆಲ್ಲ ಕೇಳಿಸಿತು.